ಅತ್ತೆಯ ಪ್ರಶ್ನೆ ಮೇಲೆಲ್ಲೋ ಉಳಿಯಿತು

ಭಾನುವಾರ ಬೆಳಿಗ್ಗೆ 6ಕ್ಕೇ ಚಿಕ್ಕಪ್ಪ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ಹಾಕಿದ್ದರು. ಕಡು ಕೆಂಪು ಪುನರ್ಪುಳಿ (ಕೋಕಂ) ಹಣ್ಣಿನ ಫೋಟೋ. ಕೆಳಗೆ ದಪ್ಪ ಅಕ್ಷರ: “ಪುನರ್ಪುಳಿಯಲ್ಲಿರುವ ಗಾರ್ಸಿನಾಲ್ ವಿಟಮಿನ್ ಸಿಗಿಂತ 10 ಪಟ್ಟು ಶಕ್ತಿಶಾಲಿ. ಕಂಪ್ಯೂಟರ್ ಲೆಕ್ಕದಲ್ಲಿ ಸಾಬೀತು. ಬಿಪಿ, ಶುಗರ್, ಕ್ಯಾನ್ಸರ್ ಮೂರಕ್ಕೂ ಇದೊಂದೇ ಸಾಕು. ಎಲ್ಲರಿಗೂ ಕಳಿಸಿ.” ಅದರ ಜೊತೆ ಚಿಕ್ಕಪ್ಪನ ಸ್ವಂತ ಸಾಲು ಒಂದೇ: “ನಾನು ಮೊದಲೇ ಹೇಳಿರಲಿಲ್ವಾ?”

ಕದ್ರಿಯ ಭಾವ ಕೂಡಲೇ ಎದ್ದರು. “ಎಲ್ಲಿಂದ ಬಂದದ್ದು ಇದು? ಲೆಕ್ಕ ಮಾಡಿದ್ದು ಯಾರು? ಲಿಂಕ್ ಉಂಟಾ?”

ದೊಡ್ಡಪ್ಪ: “ಎಲ್ಲದಕ್ಕೂ ಲಿಂಕ್ ಕೇಳುವುದು ಈಗ ಒಂದು ಅಭ್ಯಾಸ ಆಗಿದೆ. ನಮ್ಮ ಅಮ್ಮ ಲಿಂಕ್ ನೋಡಿ ಸಾರು ಮಾಡಿದ್ದಾ? ಊಟಕ್ಕೆ ಒಂದು ಲೋಟ ಪುನರ್ಪುಳಿ ಸಾರು ಇರುತ್ತಿತ್ತು, ಹೊಟ್ಟೆ ತಣ್ಣಗಿರುತ್ತಿತ್ತು. ಈಗಿನ ಮಕ್ಕಳಿಗೆ ಬಾಟಲಿ ಜ್ಯೂಸೇ ಬೇಕು.”

“ಸಾರು ಬೇಡ ಅಂತ ನಾನು ಹೇಳಲಿಲ್ಲ ಮಾವ. ‘ಸಾಬೀತು’ ಅಂದದ್ದಕ್ಕೆ ಕೇಳಿದೆ.”

“ಆವತ್ತು ಬಿಸಿನೀರಿನ ವಿಷಯದಲ್ಲೂ ನೀವು ಹೀಗೇ ಮಾಡಿದಿರಿ,” ಅಂತ ಚಿಕ್ಕಪ್ಪ. ಬಿಸಿನೀರಿನ ಜಗಳ ಇನ್ನೂ ಆರಿಲ್ಲ ಅಂತ ನನಗೆ ಆಗ ಗೊತ್ತಾಯಿತು.

ಇದರ ನಡುವೆ ಸುರತ್ಕಲ್‌ನ ಅತ್ತೆ ಒಂದು ಸಾಲು ಬರೆದರು. “ಹಾಗಾದರೆ ಬಿಪಿ ಮಾತ್ರೆ ನಿಲ್ಲಿಸಿ ಇದನ್ನೇ ಕುಡಿಯಬಹುದಾ?”

ಯಾರೂ ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಅಕ್ಕನ ಮೆಸೇಜ್ ಬಂದಿತ್ತು. ಹಿರಿಯಡ್ಕದ ಮನೆಯ ಅಂಗಳ, ಏಪ್ರಿಲ್ ಬಿಸಿಲು, ಚಾಪೆ ತುಂಬಾ ಪುನರ್ಪುಳಿ ಸಿಪ್ಪೆ. ಬಿಡಿಸಿ ಬಿಡಿಸಿ ನಮ್ಮೆಲ್ಲರ ಬೆರಳು ಕೆಂಪಾಗುತ್ತಿದ್ದದ್ದು. ಮಳೆ ಹಿಡಿಯುವ ಮೊದಲು ಅಜ್ಜಿ ಉಪ್ಪು ಹಾಕಿ ಭರಣಿಗೆ ತುಂಬುತ್ತಿದ್ದದ್ದು. ಓದುವಾಗ ನನಗೂ ಬಾಯಲ್ಲಿ ನೀರು ಬಂತು. ಆದರೆ ಅಕ್ಕ ಕೊನೆಗೆ ಬರೆದಳು: “ಆ ಮರ ಇದ್ದಿದ್ದರೆ!”

ಅಲ್ಲಿಂದ ಮಾತು ತಪ್ಪಿತು. ಮರ ಕಡಿಸಿದ್ದು ಯಾರು? ಪಾಲಿನ ಸಮಯದಲ್ಲಿ ಕಡಿಸಿದ್ದು ದೊಡ್ಡಪ್ಪ ಅಂತ ಚಿಕ್ಕಪ್ಪ. ದೊಡ್ಡ ಗೆಲ್ಲು ಮಾಡಿನ ಮೇಲೆ ಬೀಳುತ್ತಿತ್ತು, ಕಡಿಸಲು ಹೇಳಿದ್ದೇ ನೀನು ಅಂತ ದೊಡ್ಡಪ್ಪ. ಮಧ್ಯಾಹ್ನ ಊಟ ಮುಗಿಸಿ ಫೋನ್ ತೆಗೆದಾಗ 63 ಹೊಸ ಮೆಸೇಜ್. ಗಾರ್ಸಿನಾಲ್ ಅನ್ನುವ ಹೆಸರು ಒಂದರಲ್ಲೂ ಇರಲಿಲ್ಲ.

ನಾನು ಸುಮ್ನೆ ಇರಬಹುದಿತ್ತು. ಆದರೆ ಇಂಥ ಅಣುಗಳ ಲೆಕ್ಕ ಮಾಡುವುದೇ ನನ್ನ ಕೆಲಸ. ಹಾಗಾಗಿ ಉದ್ದಕ್ಕೇ ಬರೆದೆ.

“ಚಿಕ್ಕಪ್ಪ, ಗಾರ್ಸಿನಾಲ್ ಸುಳ್ಳಲ್ಲ. ಪುನರ್ಪುಳಿ ಸಿಪ್ಪೆಯಲ್ಲಿ ಅದು ಇದೆ. ಅದರ ಒಂದು ಬೆಂಜೀನ್ ಉಂಗುರದ, ಅಂದರೆ ಆರು ಕಾರ್ಬನ್‌ಗಳ ಬಳೆಯ ಮೇಲೆ ಅಕ್ಕಪಕ್ಕದಲ್ಲೇ ಎರಡು ಓಎಚ್ (ಆಕ್ಸಿಜನ್-ಹೈಡ್ರೋಜನ್) ಗುಂಪುಗಳಿವೆ. ಫ್ರೀ ರಾಡಿಕಲ್ ಅಂದರೆ ಜೊತೆಯಿಲ್ಲದ ಒಂಟಿ ಎಲೆಕ್ಟ್ರಾನ್ ಇರುವ, ಸಿಕ್ಕಿದ್ದನ್ನೆಲ್ಲ ಕಿತ್ತುಕೊಳ್ಳುವ ಅಣು. ಆ ಓಎಚ್‌ನಿಂದ ಒಂದು ಹೈಡ್ರೋಜನ್ ಕೊಟ್ಟರೆ ರಾಡಿಕಲ್ ಸಮಾಧಾನ ಆಗುತ್ತದೆ. ಹೀಗೆ ರಾಡಿಕಲ್ ತಣಿಸುವುದನ್ನೇ ಆಂಟಿಆಕ್ಸಿಡೆಂಟ್ ಅನ್ನುವುದು, ಮೆಸೇಜಿನ ‘ಶಕ್ತಿ’ ಅಂದರೆ ಇದೇ. ಗಾರ್ಸಿನಾಲ್ ಹೈಡ್ರೋಜನ್ ಎಷ್ಟು ಸುಲಭವಾಗಿ ಕೊಡುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಬಹುದು. ನಾನೂ ಹಾಕುತ್ತೇನೆ.

ಆದರೆ ‘ಕಂಪ್ಯೂಟರ್ ಹೇಳಿತು’ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಯಾವ ವಿಧಾನ? ಕಪಲ್ಡ್ ಕ್ಲಸ್ಟರ್ ಅಂತ ತುಂಬಾ ನಂಬಿಕೆಯ ವಿಧಾನ ಒಂದಿದೆ. ಅದರಲ್ಲಿ ಅಣು ದುಪ್ಪಟ್ಟು ದೊಡ್ಡದಾದರೆ ಸಮಯ ಸುಮಾರು 128 ಪಟ್ಟು ಆಗುತ್ತದೆ. ಗಾರ್ಸಿನಾಲ್‌ನಲ್ಲಿ 94 ಪರಮಾಣು. ಹಾಗಾಗಿ ಹೆಚ್ಚಿನವರು ಕಡಿಮೆ ಸಮಯ ಹಿಡಿಯುವ ಡೆನ್ಸಿಟಿ ಫಂಕ್ಷನಲ್ ಲೆಕ್ಕಕ್ಕೆ ಹೋಗುತ್ತಾರೆ. ಅದರಲ್ಲೂ ಹತ್ತಾರು ಬಗೆ. 1990ರ ದಶಕದಿಂದ ಎಲ್ಲರ ಕೈಯಲ್ಲಿರುವ ಬಿ3ಎಲ್‌ವೈಪಿ ಈ ಓಎಚ್ ಬಂಧವನ್ನು ಇರುವುದಕ್ಕಿಂತ ದುರ್ಬಲ ಅಂತ ತೋರಿಸುತ್ತದೆ. 2008ರಲ್ಲಿ ಬಂದ ಎಂ06-2ಎಕ್ಸ್ ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಮೇಲು. ಅದನ್ನೂ ಕಣ್ಣು ಮುಚ್ಚಿ ನಂಬಬಾರದು. ಅಂಗಡಿಯಲ್ಲಿ ತಕ್ಕಡಿ ಸರಿ ಇದೆಯಾ ಅಂತ ತೂಕದ ಕಲ್ಲು ಇಟ್ಟು ನೋಡುತ್ತೇವಲ್ಲ, ಹಾಗೆ ಮೊದಲು ಫೀನಾಲ್, ಅಂದರೆ ಬೆಂಜೀನ್ ಉಂಗುರದ ಮೇಲೆ ಒಂದೇ ಓಎಚ್ ಇರುವ ಸಣ್ಣ ಅಣು ಇಟ್ಟು ನೋಡಬೇಕು. ಅದರ ಬಂಧದ ಬಲ ಪ್ರಯೋಗದಲ್ಲಿ ಅಳೆದದ್ದೇ ಇದೆ, ಮೋಲ್‌ಗೆ ಸುಮಾರು 87 ಕಿಲೋಕ್ಯಾಲರಿ. ಅದು ಸರಿ ಬಂದರೆ ಮಾತ್ರ ಗಾರ್ಸಿನಾಲ್.

ಈಗ ಆ 10 ಪಟ್ಟು. ರಾಸಾಯನಿಕ ಕ್ರಿಯೆಗೆ ದಾಟಬೇಕಾದ ಒಂದು ದಿಣ್ಣೆ ಇರುತ್ತದೆ. ಅದರ ಎತ್ತರದ ಲೆಕ್ಕ ಮೋಲ್‌ಗೆ 1.4 ಕಿಲೋಕ್ಯಾಲರಿ ಆಚೀಚೆ ಆದರೆ ಸಾಕು, ವೇಗ 10 ಪಟ್ಟು ಆಚೀಚೆ ಆಗುತ್ತದೆ. ಒಳ್ಳೆಯ ವಿಧಾನದಲ್ಲೂ ಅಷ್ಟು ತಪ್ಪು ಬರುವುದುಂಟು. ಅಂದರೆ ಈ ಮೆಸೇಜಿನ 10 ಪಟ್ಟು ಪೂರ್ತಿ ಲೆಕ್ಕದ ತಪ್ಪಿನೊಳಗೇ ಮುಳುಗಿ ಹೋಗಬಹುದು.

ಇನ್ನೊಂದು. ತುಂಬಾ ಲೆಕ್ಕಗಳಲ್ಲಿ ಅಣುವನ್ನು ಖಾಲಿ ಜಾಗದಲ್ಲಿ ಒಂಟಿಯಾಗಿ ಇಟ್ಟಿರುತ್ತಾರೆ. ನಮ್ಮ ರಕ್ತ ಹೆಚ್ಚಾಗಿ ನೀರು, ಅದರ ಪಿಎಚ್ ಸುಮಾರು 7.4. ಅಲ್ಲಿ ವಿಟಮಿನ್ ಸಿ ಒಂದು ಪ್ರೋಟಾನ್ ಆಗಲೇ ಕಳೆದುಕೊಂಡಿರುತ್ತದೆ, ಎಲೆಕ್ಟ್ರಾನ್ ಕೊಡುವುದು ಅದಕ್ಕೆ ಸುಲಭ. ಕೊಬ್ಬಿನೊಳಗೆ ದಾರಿಯೇ ಬೇರೆ, ಅಲ್ಲಿ ಹೈಡ್ರೋಜನ್ ಇಡಿಯಾಗಿ ಹೋಗುತ್ತದೆ. ನೀರೋ ಕೊಬ್ಬೋ, ಎದುರಿಗಿದ್ದ ರಾಡಿಕಲ್ ಯಾವುದು ಅಂತ ಹೇಳದೆ ಯಾರು ಯಾರಿಗಿಂತ ಜೋರು ಅಂತ ಹೇಳಲು ಆಗುವುದಿಲ್ಲ.”

ಭಾವ ಕೂಡಲೇ: “ನೋಡಿ, ನಾನು ಹೇಳಿದ್ದೂ ಇದನ್ನೇ.”

ನನಗೆ ಒಪ್ಪಿಗೆಯಾಗಲಿಲ್ಲ. “ಇಲ್ಲ ಭಾವ, ನೀವು ಕೇಳಿದ್ದು ಲಿಂಕ್. ಲಿಂಕ್ ಸಿಕ್ಕಿದರೂ, ಲೆಕ್ಕ ಮಾಡಿದವರು ಪ್ರಾಮಾಣಿಕರೇ ಆದರೂ, ಅದು ಒಂದು ಅಣು ಒಂದು ರಾಡಿಕಲ್‌ಗೆ ಏನು ಮಾಡುತ್ತದೆ ಅನ್ನುವ ಲೆಕ್ಕ ಅಷ್ಟೆ. ಬಿಪಿಗೆ ಏನು ಮಾಡುತ್ತದೆ ಅಂತ ಅಲ್ಲ.”

ಚಿಕ್ಕಪ್ಪ ಬರೆದರು: “ನೀನು ಓದಿದವಳು. ನಮ್ಮದು ಬರೀ ಫಾರ್ವರ್ಡ್.”

ಆ ಮಾತು ನನಗೆ ನಾಟಿತು. ಅವರು ತಮಾಷೆಗೆ ಕಳಿಸಿದ್ದಲ್ಲ. ತಿಂಗಳು ತಿಂಗಳು ಮೆಡಿಕಲ್ ಅಂಗಡಿಗೆ ಎಷ್ಟು ಹೋಗುತ್ತದೆ ಅಂತ ಅವರಿಗೆ ಗೊತ್ತು. ಅದಕ್ಕೇ ಅವರಿಗೆ ಒಂದು ಹಳೆಯ ಕತೆ ಹೇಳಿದೆ. ಫಿನ್ಲೆಂಡಿನಲ್ಲಿ 29 ಸಾವಿರಕ್ಕೂ ಜಾಸ್ತಿ ಗಂಡಸರ ಮೇಲೆ ಒಂದು ದೊಡ್ಡ ಪರೀಕ್ಷೆ ನಡೆಯಿತು. ಎಲ್ಲರೂ ಸಿಗರೇಟು ಸೇದುವವರು. ಬೀಟಾ ಕೆರೋಟಿನ್ ಒಳ್ಳೆಯ ಆಂಟಿಆಕ್ಸಿಡೆಂಟ್, ಶ್ವಾಸಕೋಶದ ಕ್ಯಾನ್ಸರ್ ತಡೆಯುತ್ತದೆ ಅಂತ ನಂಬಿ ಅವರಲ್ಲಿ ಕೆಲವರಿಗೆ ಅದರ ಮಾತ್ರೆ ಕೊಟ್ಟರು. 1994ರಲ್ಲಿ ಫಲಿತಾಂಶ ಬಂದಾಗ ಆ ಮಾತ್ರೆ ತಗೊಂಡವರಲ್ಲೇ ಶ್ವಾಸಕೋಶದ ಕ್ಯಾನ್ಸರ್ 18 ಶೇಕಡಾ ಜಾಸ್ತಿ ಇತ್ತು. ಪರೀಕ್ಷಾ ನಳಿಕೆಯಲ್ಲಿ ಸರಿ ಇದ್ದದ್ದು ಮೈಯೊಳಗೆ ತಿರುಗಿ ಬಿತ್ತು.

ಚಿಕ್ಕಪ್ಪ ಉತ್ತರ ಬರೆಯಲಿಲ್ಲ. ನೀಲಿ ಗುರುತು ಮಾತ್ರ ಬಂತು. ದೊಡ್ಡಪ್ಪ ಮತ್ತೆ ಮರಕ್ಕೇ ಹೋದರು: ಕಡಿಸಿದ ಕೂಲಿ ಯಾರು ಕೊಟ್ಟದ್ದು ಅಂತ ಎಲ್ಲರಿಗೂ ಗೊತ್ತಿರಲಿ.

ಆಗ ನನಗೆ ಅತ್ತೆಯ ಸಾಲು ನೆನಪಾಯಿತು. ಮೇಲೆ ಮೇಲೆ ಎಳೆದು ಹುಡುಕಿದೆ. ಬೆಳಿಗ್ಗೆ 7:10. ನಾನು ಅಷ್ಟುದ್ದ ಬರೆದದ್ದರಲ್ಲೂ ಅವರಿಗೆ ನೇರ ಉತ್ತರ ಇರಲಿಲ್ಲ. ಗುಂಪು ಬಿಟ್ಟು ಫೋನ್ ಮಾಡಿದೆ.

“ಮಾತ್ರೆ ತಗೊಂಡಿರಾ ಅತ್ತೆ?”

“ಇವತ್ತು ಬಿಟ್ಟೆ ಮಾರಾಯ್ತಿ. ಶರಬತ್ತು ಕುಡಿದೆ.”

ನಿಮ್ಮ ಡಾಕ್ಟರಿಗೆ ಈಗಲೇ ಫೋನ್ ಮಾಡಿ, ಇವತ್ತಿನ ಮಾತ್ರೆ ಏನು ಮಾಡುವುದು ಅಂತ ಕೇಳಿ, ಅವರು ಹೇಳದೆ ಯಾವತ್ತೂ ನಿಲ್ಲಿಸಬೇಡಿ ಅಂದೆ. ಶರಬತ್ತು ಯಾವುದರಿಂದ ಮಾಡಿದ್ದು ಅಂತಲೂ ಕೇಳಿದೆ.

“ಭರಣಿಯದ್ದು. ಅಮ್ಮ ಮಾಡುತ್ತಿದ್ದ ಹಾಗೆಯೇ, ಉಪ್ಪು ಹಾಕಿ ಒಣಗಿಸಿದ್ದು.”

“ಬಿಪಿಗೆ ಆ ಉಪ್ಪೇ ಆಗುವುದಿಲ್ಲ ಅತ್ತೆ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಹಾಗಾದರೆ ಈ ವರ್ಷ ಸ್ವಲ್ಪ ಸಿಪ್ಪೆ ಉಪ್ಪಿಲ್ಲದೆ ಒಣಗಿಸುತ್ತೇನೆ, ನೀನು ರಜೆಯಲ್ಲಿ ಬಾ,” ಅಂದರು. ಡಾಕ್ಟರ ನಂಬರ್ ಹುಡುಕಬೇಕು ಅಂತ ಫೋನ್ ಇಟ್ಟರು.