ಹಿಂದಿನ ಡೋರ್ ಕೆಳಗ ತುಕ್ಕು: ಪ್ಯಾಚ್ ಹಾಕ್ಸೋದೋ, ಡೋರೇ ಬದಲಿ ಮಾಡೋದೋ?

ಬೈನಾ_ಗಾಳಿ (ವಾಸ್ಕೋ)
ನಮಸ್ಕಾರ ಎಲ್ಲಾರಿಗೂ. 2012ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಸಿಲ್ವರ್ ಬಣ್ಣ, ಜಿಎ-06 ಪಾಸಿಂಗ್. ಸಮುದ್ರಕ್ಕ ಹತ್ರ, ಬಯಲಾಗ ನಿಲ್ತೈತಿ. ಎಡಗಡಿ ಹಿಂದಿನ ಡೋರಿನ ಕೆಳ ಅಂಚಿನಾಗ ಗೇಣುದ್ದ ಪೇಂಟ್ ಗುಳ್ಳಿ ಎದ್ದೈತಿ, ಉಗುರು ತಾಗ್ಸಿದ್ರ ಪುಡಿ ಉದುರ್ತದ. ಡೋರ್ ಹಾಕುವಾಗ ಒಳಗ ನೀರು ಕುಲುಕಿದ ಸಪ್ಪಳ ಬರ್ತದ. ಇಲ್ಲಿ ಮೂರು ರೇಟ್ ಹೇಳ್ಯಾರ: ಪ್ಯಾಚ್ ಹಾಕಿ ಪೇಂಟ್ ಮಾಡಾಕ 6,500, ಹಳೇ ಡೋರ್ ತಂದು ಕೂಡ್ಸಾಕ 9,000, ಹೊಸ ಡೋರ್ ಆದ್ರ ಪೇಂಟ್ ಸೇರಿ 19,000. 2027ಕ್ಕ ಹದಿನೈದು ವರ್ಷ ಆಗ್ತದ. ರಿಜಿಸ್ಟ್ರೇಶನ್ ರಿನ್ಯೂವಲ್ ಮಾಡ್ಸಿ ಇನ್ನೂ ಐದು ವರ್ಷ ಓಡಿಸೋ ವಿಚಾರ ಐತಿ. ಯಾವುದು ಬರೋಬರಿ ಹೇಳ್ರಿ.

ತಗಡು_ಡೊಂಬಿವಲಿ
ರೇಟ್ ಕೇಳುವ ಮೊದಲು ಡೋರ್ ಪ್ಯಾಡ್ (ಒಳಬದಿಯ ಹೊದಿಕೆ) ಬಿಚ್ಚಿಸಿ ಮಾರಾಯ್ರೆ. ಹೊರಗಿಂದ ನೋಡಿ ರೇಟ್ ಹೇಳಿದವರು ಪುಟ್ಟಿಗೆ (ತಗ್ಗು ತುಂಬುವ ಪೇಸ್ಟಿಗೆ) ರೇಟ್ ಹೇಳಿದ್ದಾರೆ, ತುಕ್ಕಿಗಲ್ಲ.

ಡೋರಿನ ಒಳಗೆ ನೀರು ಹೋಗುವುದು ತಪ್ಪಲ್ಲ. ಗ್ಲಾಸಿನ ಬದಿಯಿಂದ ಇಳಿದ ಮಳೆನೀರು ಕೆಳ ಅಂಚಿನ ತೂತುಗಳಿಂದ ಹೊರಗೆ ಹೋಗಬೇಕು, ಅಷ್ಟೆ. ನಿಮ್ಮದರಲ್ಲಿ ಕುಲುಕುತ್ತಾ ಉಂಟು ಅಂದರೆ ತೂತು ಕಟ್ಟಿದೆ. ಕೆಳಗೆ ಹೊರ ತಗಡನ್ನು ಒಳ ತಗಡಿನ ಅಂಚಿಗೆ ಸುತ್ತಿ ಮಡಚಿರುತ್ತಾರೆ. ಆ ಮಡಿಕೆಯ ಸಂದಿಯಲ್ಲಿ ಉಪ್ಪುನೀರು ಒಮ್ಮೆ ಸೇರಿದರೆ ಬಿಸಿಲಿಗೂ ಸರಿಯಾಗಿ ಒಣಗುವುದಿಲ್ಲ. ತುಕ್ಕು ಒಳಗಿಂದ ಹೊರಗೆ ಬರುತ್ತದೆ. ಗುಳ್ಳೆ ಕಾಣುವಷ್ಟರಲ್ಲಿ ಅಲ್ಲಿ ತಗಡು ಪೇಪರ್ ಆಗಿರುತ್ತದೆ.

ಪ್ಯಾಡಿನ ಹಿಂದೆ ಕಪ್ಪು ಗೋಂದಿನಲ್ಲಿ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಹರಿಯದ ಹಾಗೆ ಬಿಡಿಸಿ, ಅದೇ ಸೀಟಿನ ಕಡೆ ನೀರು ಬಾರದಂತೆ ತಡೆಯುವುದು. ಗ್ಲಾಸ್ ಮೇಲೇರಿಸಿ ಟಾರ್ಚ್ ಹಾಕಿ, ಸಣ್ಣ ಸ್ಕ್ರೂಡ್ರೈವರಿನಿಂದ ಎರಡೆರಡು ಸೆಂ.ಮೀ.ಗೆ ಒಂದರಂತೆ ಗಟ್ಟಿಯಾಗಿ ಒತ್ತುತ್ತಾ ಹೋಗಿ. ನೋಡಬೇಕಾದ್ದು: ಕೆಳಗಿನ ಮಡಿಕೆ, ಒಳ ತಗಡಿನ ತಳ, ಹಿಂಜ್ ಬೋಲ್ಟ್ ಸುತ್ತಿನ ಜಾಗ, ಡಿಕ್ಕಿ ತಡೆಯಲು ಅಡ್ಡ ಹಾಕಿದ ಇಂಪ್ಯಾಕ್ಟ್ ಬೀಮಿನ ಎರಡು ತುದಿ. ಹೊರ ತಗಡು ಮಾತ್ರ ತೂತಾಗಿದ್ದರೆ ರಿಪೇರಿ. ಹಿಂಜ್ ಹತ್ತಿರ ಅಥವಾ ಬೀಮ್ ತುದಿಯಲ್ಲಿ ಸ್ಕ್ರೂಡ್ರೈವರ್ ಇಳಿದರೆ ರಿಪೇರಿ ಮಾತೇ ಬೇಡ, ಡೋರ್ ಬದಲಿಸಿ.

ಪುಣೆ_ಪಾನಾ
ಐದು ವರ್ಷ ಇಟ್ಕೋತೀರಿ ಅಂದ್ರ ನನ್ನ ಮತ ಹಳೇ ಡೋರಿಗೆ. ಆದ್ರ ಎಲ್ಲಿಂದ ತರ್ತೀರಿ ಅನ್ನೋದು ಮುಖ್ಯ. ಮುಂಬೈ ಕುರ್ಲಾದ ಹಳೇ ಸಾಮಾನಿನ ಬಜಾರದಾಗ ಸಿಗೋ ಡೋರೂ ಸಮುದ್ರದ ಗಾಳಿ ಕುಡಿದದ್ದೇ ಇರಬಹುದು. ನಿಮ್ಮ ತುಕ್ಕು ಕೊಟ್ಟು ಅವರ ತುಕ್ಕು ತಂದಂಗ. ಸಮುದ್ರದಿಂದ ದೂರದ ಎಂಎಚ್-12 (ಪುಣೆ) ಅಥವಾ ನಮ್ಮ ಕೆಎ-22 (ಬೆಳಗಾವಿ), ಕೆಎ-25 (ಧಾರವಾಡ) ಗಾಡಿ ಡೋರ್ ಹುಡುಕ್ರಿ. ವಾಸ್ಕೋದಿಂದ ಬೆಳಗಾವಿ, ಹುಬ್ಬಳ್ಳಿ ಏನು ದೂರ?

ತಗೊಳ್ಳುವಾಗ ಬಟ್ಟಿ ಸುತ್ತಿದ ಸಣ್ಣ ಮ್ಯಾಗ್ನೆಟ್ ಕೆಳ ಅಂಚಿನುದ್ದಕ್ಕ ಆಡ್ಸ್ರಿ. ಒಂದು ಕಡೆ ಹಿಡಿತ ಸಡಿಲ ಆದ್ರ ಅಲ್ಲಿ ಪುಟ್ಟಿ ಐತಿ. ಡೋರ್ ತಿರುವಿ ಮಡಿಕೆ ನೋಡ್ರಿ. ಕಂಪನಿ ಸೀಲರ್ (ಸಂದಿ ಮುಚ್ಚೋ ಅಂಟು) ಒಂದೇ ಸಮ ಓಡಿರಬೇಕು, ಬೆರಳಲ್ಲಿ ಮೆತ್ತಿದಂಗ ಕಂಡ್ರ ಬಿಟ್ಟುಬಿಡ್ರಿ. ಪವರ್ ವಿಂಡೋ ಕನೆಕ್ಟರ್ ನಿಮ್ಮದಕ್ಕ ಕೂಡ್ತದೋ ಇಲ್ಲೋ ಫೋಟೋ ತಗೊಂಡು ಹೋಗಿ ತಾಳೆ ನೋಡ್ರಿ. ಬಿಲ್ ಇಲ್ಲದ ಮಾಲು ಬ್ಯಾಡ.

ಬೈನಾ_ಗಾಳಿ
ಬಿಚ್ಚಿ ನೋಡಿದ್ವಿ. ಪ್ಯಾಡಿನ ಐದು ಕ್ಲಿಪ್ ಮುರಿದ್ವು. ಹೊರ ತಗಡಿನಾಗ 22 ಸೆಂ.ಮೀ. ಉದ್ದದೊಳಗ ನಾಲ್ಕು ತೂತು, ಎಲ್ಲಾ ಅಂಚಿಂದ 4 ಸೆಂ.ಮೀ. ಒಳಗ. ಒಳ ತಗಡಿನ ತಳದಾಗ ಕೆಂಪು ಐತಿ, ಸ್ಕ್ರೂಡ್ರೈವರ್ ಇಳೀಲಿಲ್ಲ. ಹಿಂಜ್, ಬೀಮ್ ಗಟ್ಟಿ. ಕೆಳಗ ನೀರು ಹೋಗೋ ಮೂರು ತೂತಿನಾಗ ಎರಡು ಮಣ್ಣಿನಿಂದ ಕಟ್ಟಿದ್ವು. ತಂತಿ ಹಾಕಿದ ಕೂಡ್ಲೆ ಒಂದು ತಂಬಿಗಿ ನೀರು ಬಂತು.

ತಗಡು_ಡೊಂಬಿವಲಿ
ಹಾಗಾದರೆ ನಿಮ್ಮ ಡೋರ್ ರಿಪೇರಿಗೆ ಹೇಳಿ ಮಾಡಿಸಿದ್ದು. ಆದರೆ ಕೆಲಸ ಹೇಗೆ ಮಾಡುತ್ತಾರೆ ಅಂತ ಗ್ಯಾರೇಜಿನಲ್ಲಿ ಬಾಯಿಬಿಟ್ಟು ಕೇಳಿ.

ತೂತಿನ ಅಂಚಿಗೆ ಕತ್ತರಿಸಬಾರದು, ಹೊಳೆಯುವ ತಗಡು ಸಿಕ್ಕಿದ ಮೇಲೆ ಇನ್ನೂ 2.5 ಸೆಂ.ಮೀ. ಬಿಟ್ಟು ಕತ್ತರಿಸಬೇಕು. ನಿಮ್ಮ ಲೆಕ್ಕಕ್ಕೆ ಸುಮಾರು 28 ಉದ್ದ, 7 ಎತ್ತರದ ತುಂಡು. ಮೂಲೆ ಚೂಪಾಗಿ ಬೇಡ, ಗುಂಡಗೆ ಇರಲಿ. ಕೆಳಗಿನ ಮಡಿಕೆಯನ್ನು ಗ್ರೈಂಡರಿನಿಂದ ಸವೆಸಿ ಬಿಡಿಸಿದರೆ ಒಳ ತಗಡಿನ ಅಂಚು ಕಾಣುತ್ತದೆ. ಅಲ್ಲಿನ ಕೆಂಪನ್ನು ವೈರ್ ಕಪ್ ಮತ್ತು 80 ನಂಬರ್ ಪೇಪರಿನಲ್ಲಿ ತೆಗೆಯಬೇಕು. ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ದ್ರವ) ಕೈ ಹೋಗದ ಸಂದಿಗೆ ಮಾತ್ರ. ಆಸಿಡ್ ಇರುವ ಕನ್ವರ್ಟರನ್ನು ಎಲ್ಲ ಕಡೆ ಬಳಿದು ಅದರ ಮೇಲೆ ಎಪಾಕ್ಸಿ ಪ್ರೈಮರ್ (ತಗಡಿಗೆ ಹಿಡಿಯುವ ಮೊದಲ ಕೋಟ್) ಹೊಡೆದರೆ ಪದರ ಏಳುವ ಸಂಭವ ಜಾಸ್ತಿ.

ಹೊಸ ತುಂಡು 0.8 ಮಿ.ಮೀ. ಸಿ.ಆರ್. (ಕೋಲ್ಡ್ ರೋಲ್ಡ್) ಉಕ್ಕಿನ ಶೀಟ್. ಕೆಳಗೆ ಮಡಚಲು 10–12 ಮಿ.ಮೀ. ಹೆಚ್ಚು ಇಟ್ಟು ಕತ್ತರಿಸಬೇಕು. ಗ್ಯಾಸ್ ವೆಲ್ಡಿಂಗ್, ಪಿತ್ತಳೆ ಕಡ್ಡಿ ಎರಡಕ್ಕೂ ಒಪ್ಪಬೇಡಿ. ಕಾವಿಗೆ ತೆಳು ತಗಡು ಅಲೆಅಲೆ ಆಗುತ್ತದೆ, ಪಿತ್ತಳೆ ಬೆಸುಗೆಗೆ ಹಾಕುವ ಫ್ಲಕ್ಸ್ ಪುಡಿ ಸರಿಯಾಗಿ ತೊಳೆಯದಿದ್ದರೆ ಮುಂದಿನ ಮಳೆಗಾಲಕ್ಕೆ ಅದೇ ಗೆರೆಯಲ್ಲಿ ಗುಳ್ಳೆ. ಸಿಒಟು ವೆಲ್ಡಿಂಗ್ (ಸಿಒಟು ಗ್ಯಾಸಿನ ರಕ್ಷಣೆಯಲ್ಲಿ ಕರೆಂಟಿನಿಂದ ತಂತಿ ಕರಗಿಸುವುದು), 0.6 ಅಥವಾ 0.8 ಮಿ.ಮೀ. ತಂತಿ, 2–3 ಸೆಂ.ಮೀ.ಗೆ ಒಂದು ಚುಕ್ಕೆ, ಒಮ್ಮೆ ಈ ತುದಿಗೆ ಒಮ್ಮೆ ಆ ತುದಿಗೆ. ಕೈ ಇಟ್ಟರೆ ಸುಡದಷ್ಟು ತಣಿದ ಮೇಲೆ ಮುಂದಿನ ಚುಕ್ಕೆ. ಬ್ಯಾಟರಿ ವೈರ್ ಮೊದಲೇ ತೆಗೆಸಿ. ಒಳಗೆ ಅಂಟಿಸಿದ ಸೌಂಡ್ ಶೀಟ್ ಬೆಂಕಿ ಹಿಡಿಯುತ್ತದೆ, ಅದನ್ನೂ ಕಿತ್ತಿಡಬೇಕು.

ಮಡಚುವ ಮೊದಲು ಸಂದಿಯಲ್ಲಿ ಎಪಾಕ್ಸಿ ಪ್ರೈಮರ್, ಮಡಚಿದ ಮೇಲೆ ಅಂಚಿಗೆ ಸೀಮ್ ಸೀಲರ್. 6,500 ಅಂದವರು ಇಷ್ಟೆಲ್ಲ ಮಾಡುತ್ತಾರಾದರೆ ಕಣ್ಣುಮುಚ್ಚಿ ಕೊಡಿ. ಫೈಬರ್ ಬಟ್ಟೆ ಅಂಟಿಸಿ ಪುಟ್ಟಿ ಎಳೆಯುವವರಾದರೆ ಆರುನೂರೂ ಜಾಸ್ತಿ.

ಸ್ಪ್ರೇಗನ್_ಠಾಣೆ
ಪೇಂಟ್ ಲೆಕ್ಕದಲ್ಲೂ ಪ್ಯಾಚೇ ವಾಸಿ. ಸಿಲ್ವರ್ ಮ್ಯಾಚ್ ಮಾಡೋದು ತಲೆನೋವು. ಗನ್ನಿನ ಪ್ರೆಶರ್ ಸ್ವಲ್ಪ ಬದಲಾದರೂ ಅದರ ಹೊಳಪಿನ ಚೂರುಗಳು ಬೇರೆ ಥರ ಮಲಗಿ ಬಣ್ಣ ಕಪ್ಪೋ ಬಿಳಿಯೋ ಕಾಣುತ್ತೆ. ಡೋರ್ ಪೂರ್ತಿ ಬದಲಿಸಿದರೆ ಪಕ್ಕದ ಡೋರಿಗೂ ಹಿಂದಿನ ಪ್ಯಾನಲ್ಲಿಗೂ ಬಣ್ಣ ಹಾಯಿಸಬೇಕು. ಪ್ಯಾಚ್ ಆದರೆ ಡೋರಿನ ನಡುವಿನ ಗೆರೆಯೊಳಗೇ ಬಣ್ಣ ಮುಗಿಸಿ, ಮೇಲಿನ ಬಣ್ಣವಿಲ್ಲದ ಕ್ಲಿಯರ್ ಕೋಟ್ ಮಾತ್ರ ಇಡೀ ಡೋರಿಗೆ ಹೊಡೀಬಹುದು.

ಪುಟ್ಟಿ ಎಪಾಕ್ಸಿ ಮೇಲೆ, 2 ಮಿ.ಮೀ. ಮೀರದ ಹಾಗೆ. 100 ಗ್ರಾಂಗೆ ಹಾರ್ಡ್ನರ್ ಸುಮಾರು 2 ಗ್ರಾಂ. ಬೇಗ ಒಣಗಲಿ ಅಂತ ಜಾಸ್ತಿ ಹಾಕಿದರೆ ಸೂಜಿತೂತು ಬೀಳುತ್ತೆ, ಬಣ್ಣದಲ್ಲಿ ಕಲೆ ಏಳುತ್ತೆ. ಪುಟ್ಟಿ ನೀರು ಕುಡಿಯೋ ವಸ್ತು, ನೀರು ಹಾಕಿ ಉಜ್ಜೋಕೆ ಬಿಡಬೇಡಿ. ಗೋವಾ ಮಳೇಲಂತೂ ಈ ಕೆಲಸ ಬೇಡವೇ ಬೇಡ, ದೀಪಾವಳಿ ಕಳೀಲಿ. ಅಲ್ಲಿವರೆಗೆ ತುಕ್ಕಿನ ತೂತಿನ ಮೇಲೆ ಹೊರಗಿಂದ ಟೇಪ್ ಅಂಟಿಸಿ, ಕೆಳಗಿನ ಡ್ರೇನ್ (ನೀರು ಹೋಗೋ ತೂತು) ಮಾತ್ರ ಮುಚ್ಚಬೇಡಿ.

ಬೈನಾ_ಗಾಳಿ
ಭಾಳ ಉಪಕಾರ. ಪ್ಯಾಚೇ ಮಾಡಸ್ತೀನಿ. ಒಳಗ ಏನರ ಹೊಡಿಸ್ಬೇಕೇನು?

ತಗಡು_ಡೊಂಬಿವಲಿ
ಕ್ಯಾವಿಟಿ ವ್ಯಾಕ್ಸ್, ಅಂದರೆ ಡೋರಿನ ಒಳಗೆ ತುಕ್ಕು ತಡೆಯುವ ಮೇಣ. ಪೇಂಟ್ ಆಗಿ ಒಂದು ವಾರ ಬಿಟ್ಟು, ಉದ್ದ ನಳಿಗೆ ಇರುವ ಸ್ಪ್ರೇಯಿಂದ ಕೆಳಗಿನ ಮಡಿಕೆಯುದ್ದಕ್ಕೂ. ಗ್ಲಾಸ್ ಮೇಲೇರಿಸಿಯೇ ಹೊಡೆಯಬೇಕು, ಗ್ಲಾಸಿನ ಚಾನೆಲ್‌ಗೆ ತಾಗಬಾರದು. ಉಳಿದ ಮೂರು ಡೋರಿಗೂ ಅದೇ ದಿನ ಹೊಡೆಸಿ, ಅವೂ ಅದೇ ಗಾಳಿಯಲ್ಲಿ ನಿಂತದ್ದಲ್ಲವಾ? ಗ್ಲಾಸಿನ ಹೊರ ಬೀಡಿಂಗ್ (ರಬ್ಬರ್ ಪಟ್ಟಿ) ಗಟ್ಟಿಯಾಗಿ ಬಿರಿದಿದ್ದರೆ ಬದಲಿಸಿ, ಒಳಗೆ ಇಳಿಯುವ ನೀರು ಕಡಿಮೆಯಾಗುತ್ತದೆ. ವ್ಯಾಕ್ಸ್ ಗಟ್ಟಿಯಾಗುವ ಮೊದಲು ಮೂರೂ ಡ್ರೇನಿನಲ್ಲಿ ಹಿಡಿಕಡ್ಡಿ ಆಡಿಸಿ, ಪ್ಯಾಡ್ ಹಾಕುವ ಮುಂಚೆ ಒಂದು ಚೆಂಬು ನೀರು ಗ್ಲಾಸಿನ ಬದಿಯಿಂದ ಹೊಯ್ದು ಮೂರರಿಂದಲೂ ಬರುತ್ತದಾ ನೋಡಿ.