ಸಹಾಯ ಬೇಕು: ರನ್ನನ ದುರ್ಯೋಧನನನ್ನು ದುರಂತ ನಾಯಕನೆನ್ನಬಹುದೇ?

ಗುಂಪಿನ ಹಿರಿಯರಿಗೂ ಅಧ್ಯಾಪಕರಿಗೂ ನಮಸ್ಕಾರ. ರನ್ನನ ಗದಾಯುದ್ಧದ ದುರ್ಯೋಧನನನ್ನು ಕುರಿತು ತರಗತಿಗಾಗಿ ಪ್ರಬಂಧವೊಂದನ್ನು ಸಿದ್ಧಪಡಿಸುತ್ತಿದ್ದು, ಒಂದು ವಿಷಯದಲ್ಲಿ ತಮ್ಮ ಮಾರ್ಗದರ್ಶನ ಬೇಕಾಗಿದೆ. ಕಾವ್ಯಕ್ಕೆ ಸಾಹಸಭೀಮವಿಜಯವೆಂಬ ಹೆಸರೂ ಇದ್ದು, ಕವಿ ತನ್ನ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿರುವುದರಿಂದ, ನಾಯಕ ಯಾರೆಂಬುದರಲ್ಲಿ ಸಂದೇಹವಿರಬಾರದು. ಆದರೆ ಸಂಜಯನೊಡನೆ ರಣರಂಗದಲ್ಲಿ ನಡೆಯುತ್ತ ದುಶ್ಶಾಸನ, ಕರ್ಣರ ಶವಗಳೆದುರು ಮರುಗುವ ದುರ್ಯೋಧನ, ಶತ್ರುವಿನ ಮಗನಾದ ಅಭಿಮನ್ಯುವನ್ನು ಕಂಡು, ಅವನ ಸಾಹಸದ ಒಂದಂಶವಾದರೂ ತನ್ನ ಸಾವಿಗೆ ದೊರೆಯಲಿ ಎಂದು ಪ್ರಾರ್ಥಿಸುವಾಗ ಓದುಗನ ಮನಸ್ಸು ಅವನ ಕಡೆಗೇ ವಾಲುತ್ತದೆ (ನನ್ನದಂತೂ ವಾಲಿದೆ). ನೆಲಕ್ಕಾಗಿಯಲ್ಲ, ಛಲಕ್ಕಾಗಿ ಹೋರಾಡುತ್ತೇನೆಂಬ ಅವನ ಮಾತನ್ನು ಉದಾತ್ತತೆಯೆಂದು ಗ್ರಹಿಸಬೇಕೋ, ಕುರುಡು ಹಟವೆಂದೋ? ವೈಶಂಪಾಯನ ಸರೋವರದಲ್ಲಿ ಅಡಗಿದವನು ಭೀಮನ ಗರ್ಜನೆ ಕೇಳಿ ನೀರೊಳಗಿದ್ದೂ ಬೆವರುವ ಪ್ರಸಂಗ ಈ ಎರಡರಲ್ಲಿ ಯಾವುದನ್ನು ಬೆಂಬಲಿಸುತ್ತದೆ? ಬಿ.ಎಂ.ಶ್ರೀಯವರು ಇದೇ ಕಾವ್ಯವನ್ನು ಪಾಶ್ಚಾತ್ಯ ಮಾದರಿಯ ದುರಂತ ನಾಟಕವಾಗಿಸಿರುವುದು ತಿಳಿದಿದೆ. ಆದರೂ ಪಾಶ್ಚಾತ್ಯ ದುರಂತದ ಅಳತೆಗೋಲನ್ನು ಹೊರಗಿನಿಂದ ತಂದು ಹಚ್ಚದೆ, ರನ್ನನ ಪದ್ಯಗಳನ್ನೇ ಆಧರಿಸಿ ತಾವು ಉತ್ತರಿಸಿದರೆ ಉಪಕಾರವಾಗುತ್ತದೆ. ಪರೀಕ್ಷಾ ಕೈಪಿಡಿಗಳ ಸಿದ್ಧ ಉತ್ತರಗಳು ದಯವಿಟ್ಟು ಬೇಡ.