ಸಹಾಯ ಬೇಕು: ಕೊಟ್ಟಿಗೆ ಹಿಂದೆ ಕಾಳಿಂಗದ ಗೂಡು

ನಮಸ್ಕಾರ. ನಮ್ಮನೆ ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಹತ್ತಿರ. ಮೊನ್ನೆ ಕೊಟ್ಟಿಗೆಗೆ ಹಾಸಲು ದರಗು ತರೋಣ ಎಂದು ಅಮ್ಮ ಹಿಂದಿನ ಹಾಡಿಗೆ ಹೋಗಿದ್ದರು. ಬಿದಿರು ಮೆಳೆಯ ಬುಡದಲ್ಲಿ ಯಾರೋ ಒಟ್ಟಿಟ್ಟ ಹಾಗೆ ತರಗೆಲೆ ಗುಡ್ಡೆ. ಕೈ ಹಾಕುವಷ್ಟರಲ್ಲಿ ಪಕ್ಕದಲ್ಲೇ ಹೆಡೆ ಎದ್ದಿತು. ಅಮ್ಮನ ಸೊಂಟದ ಎತ್ತರ! ಬುಟ್ಟಿ ಬಿಟ್ಟು ಓಡಿ ಬಂದರು. ಬುಟ್ಟಿ ಇನ್ನೂ ಅಲ್ಲೇ ಇದೆ.

ನಮ್ಮ ಕಡೆ ಹೀಗೆ ಎಲೆ ಒಟ್ಟಿ ಗೂಡು ಕಟ್ಟುವ ಹಾವು ಕಾಳಿಂಗ ಒಂದೇ. ಮೊಟ್ಟೆ ಇಟ್ಟು ಕಾಯುತ್ತಿದೆ. ಮರಿಯಾಗಲು ಎರಡು ಮೂರು ತಿಂಗಳು ಬೇಕು. ಗೂಡಿನಿಂದ ಕೊಟ್ಟಿಗೆಗೆ ಇಪ್ಪತ್ತು ಹೆಜ್ಜೆಯೂ ಇಲ್ಲ. ಬೆಳಗಿನ ಜಾವ ಕತ್ತಲಲ್ಲೇ ಹಾಲು ಕರೆಯಬೇಕು.

ಪಕ್ಕದ ಮನೆಯವರು ಬೆಂಕಿ ಹಾಕಿ ಎನ್ನುತ್ತಾರೆ. ನನಗೆ ಮನಸ್ಸಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಬೇರೆ. ಅದು ತಿನ್ನುವುದೂ ಜಾಸ್ತಿ ಬೇರೆ ಹಾವುಗಳನ್ನೇ ಅಲ್ವಾ? ಆದರೆ ಹೆದರಿಕೆ ಸುಮ್ನೆ ಅಲ್ಲ. ಆಸ್ಪತ್ರೆಗಳಲ್ಲಿ ಸಿಗುವ ಇಂಜೆಕ್ಷನ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ 4 ಹಾವಿನ ವಿಷಕ್ಕೆ ತಯಾರಿಸಿದ್ದು. ಕಾಳಿಂಗದ ವಿಷಕ್ಕಲ್ಲ.

ಅರಣ್ಯ ಇಲಾಖೆಗೆ ತಿಳಿಸಿದ್ದೇವೆ, ಬಂದು ನೋಡುತ್ತಾರೆ. ಅಷ್ಟರೊಳಗೆ ಅನುಭವ ಇರುವವರು ಹೇಳಿ. ಮನೆ ಹತ್ತಿರ ಗೂಡು ಇದ್ದು, ಮರಿ ಆಗುವವರೆಗೆ ನಿಭಾಯಿಸಿದವರು ಇದ್ದೀರಾ? ದನಗಳನ್ನು ಬೇರೆ ಕಡೆ ಕಟ್ಟಬೇಕಾ? ಮರಿಗಳು ಮನೆಯೊಳಗೆ ಬಾರದ ಹಾಗೆ ಏನು ಮಾಡಿದಿರಿ? ಹತ್ತಿರದಲ್ಲಿ ಪಳಗಿದ ಉರಗ ರಕ್ಷಕರು ಇದ್ದರೆ ಮೆಸೇಜ್ ಮಾಡಿ.

ಫೋಟೋ ತೆಗೆಯಲು ಬರುವವರು ಮಾತ್ರ ದಯವಿಟ್ಟು ಬೇಡ. ನಿನ್ನೆಯೇ ಮೂವರು ಬಂದಿದ್ದರು.